ಒಂದೇ ಸೈಜ್ ಇಟ್ಟರೂ ಕಂಪ್ಯೂಟರಿನಲ್ಲಿ ಇಂಗ್ಲಿಷ್‌ಗಿಂತ ಕನ್ನಡ ಅಕ್ಷರ ಚಿಕ್ಕದಾಗಿ ಕಾಣುವುದು ಯಾಕೆ?

ಒತ್ತಕ್ಷರಕ್ಕೆ ಜಾಗ ಬಿಡಬೇಕಲ್ವಾ, ಅದಕ್ಕೆ.

ಫಾಂಟ್ ಸೈಜ್ 12 ಅಂದರೆ ಅದು ಅಕ್ಷರದ ಎತ್ತರ ಅಲ್ಲ. ಅಕ್ಷರ ಕೂತಿರುವ, ಕಣ್ಣಿಗೆ ಕಾಣದ ಒಂದು ಚೌಕದ ಎತ್ತರ. ಇಂಗ್ಲಿಷಿನಲ್ಲಿ ಸಣ್ಣ ಜಿ, ವೈಗಳ ಬಾಲ ಸ್ವಲ್ಪ ಕೆಳಗಿಳಿದರೆ ಮುಗಿಯಿತು. ಕನ್ನಡದ ಕಥೆ ಬೇರೆ. ಮಂಗಳೂರಿನ ‘ಹಂಪನಕಟ್ಟೆ’ ಅನ್ನುವ ಹೆಸರಿನ ‘ಟ್ಟೆ’ಗೆ ಒಂದೇ ಒತ್ತು, ಹೇಗೋ ಆಗುತ್ತದೆ. ‘ಶಾಸ್ತ್ರಿ’ ಅಂತ ಟೈಪ್ ಮಾಡಿ ನೋಡಿ: ‘ಸ’ದ ತಲೆಯ ಮೇಲೆ ಗುಡಿಸು, ಕೆಳಗೆ ತ ಒತ್ತು, ಅದರ ಜತೆಗೆ ರ ಒತ್ತು. ಇಷ್ಟೂ ಹಿಡಿಯಬೇಕಾದರೆ ವಿನ್ಯಾಸಕಾರರು ಮೂಲ ಅಕ್ಷರವನ್ನೇ ಕುಗ್ಗಿಸಬೇಕಾಗುತ್ತದೆ. ವಿಂಡೋಸ್ ಎಕ್ಸ್‌ಪಿ ಜತೆ ಬಂದ ‘ತುಂಗಾ’ ಫಾಂಟ್ ನೋಡಿದವರಿಗೆ ಇದು ಗೊತ್ತು. ಅಕ್ಷರ ಪುಟ್ಟದು, ಸಾಲುಗಳ ನಡುವೆ ಜಾಗ ಮಾತ್ರ ಜಾಸ್ತಿ.

ಮೆನು, ಬಟನ್‌ಗಳಲ್ಲಿ ಇನ್ನೂ ಇಕ್ಕಟ್ಟು. ಅವುಗಳ ಎತ್ತರ ಇಂಗ್ಲಿಷನ್ನು ನೋಡಿಕೊಂಡು ಇಟ್ಟದ್ದು. ಅದಕ್ಕೇ ಗೂಗಲ್ ತನ್ನ ‘ನೋಟೋ ಸಾನ್ಸ್ ಕನ್ನಡ’ ಫಾಂಟಿಗೆ ‘ಯುಐ’ (ಯೂಸರ್ ಇಂಟರ್‌ಫೇಸ್, ಅಂದರೆ ಮೆನು, ಬಟನ್‌ಗಳಿರುವ ಪರದೆ) ಅಂತ ಬೇರೆಯೇ ಒಂದು ರೂಪ ಮಾಡಿತ್ತು. ಅದರಲ್ಲಿ ಸಾಲಿನ ಎತ್ತರ ಕಡಿಮೆ. ಪರದೆಗೆ ಅದು ಸರಿ, ಪುಸ್ತಕಕ್ಕೆ ನಾನಂತೂ ಬಳಸುವುದಿಲ್ಲ.

ನೀವು ಉಡುಪಿಯ ದೇವಸ್ಥಾನದ ಆಮಂತ್ರಣವನ್ನೋ ಸಂಘದ ನೋಟಿಸನ್ನೋ ಎರಡೂ ಭಾಷೆಯಲ್ಲಿ ಮಾಡುತ್ತಿದ್ದರೆ, ಸುಮ್ನೆ ಕನ್ನಡವನ್ನು ಒಂದೆರಡು ಪಾಯಿಂಟ್ ದೊಡ್ಡದು ಮಾಡಿ. ವರ್ಡ್‌ನಲ್ಲಿ ಒತ್ತುಗಳ ಬುಡ ಕತ್ತರಿಸಿದಂತೆ ಕಂಡರೆ ಲೈನ್ ಸ್ಪೇಸಿಂಗ್ ನೋಡಿ. ಅಲ್ಲಿ ‘ಎಕ್ಸಾಕ್ಟ್ಲಿ’ ಇದ್ದರೆ ‘ಸಿಂಗಲ್’ಗೆ ಬದಲಿಸಿ.