ಹಳೆ ಹಾರ್ಮೋನಿಯಂ ಕೊಟ್ಟು ಕೀಬೋರ್ಡ್ ತಗೊಳ್ಳಬಹುದಾ?

ಪ್ರಶ್ನೆ: ನಮ್ಮ ಭಜನಾ ಮಂಡಳಿಯ ಹಳೆ ಹಾರ್ಮೋನಿಯಂ ಅಂಗಡಿಗೆ ಕೊಟ್ಟು, ಬಳಸಿದ ಕೀಬೋರ್ಡ್ ತಗೊಳ್ಳಬೇಕು ಅಂತಿದ್ದೇವೆ. ಅಂಗಡಿಯವರು ಹೇಳಿದ ಬೆಲೆ ತೀರಾ ಕಡಿಮೆ. ಏನು ಮಾಡೋಣ?
– ಓದುಗರು, ಕುಂಬಳೆ

ಉತ್ತರ: ಬದಲಿಗೆ ಕೊಟ್ಟರೆ ಕಡಿಮೆಯೇ ಸಿಗೋದು, ರಿಪೇರಿ ಖರ್ಚು, ಲಾಭ ಎರಡನ್ನೂ ಅವರು ಅದರಲ್ಲೇ ಹಿಡಿಯಬೇಕಲ್ವಾ? ಕೊಡುವ ಮೊದಲು ಹಾರ್ಮೋನಿಯಂನ ತಿದಿಗೆ ಗಾಳಿ ತುಂಬಿಸಿ, ಯಾವ ಮನೆಯನ್ನೂ (ಕೀಯನ್ನೂ) ಒತ್ತದೆ ಬಿಟ್ಟು ನೋಡಿ. ಗಾಳಿ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುವುದೂ ಉಂಟು. ಇವೆಲ್ಲ ಸರಿಯಾಗುವಂಥವು. ಒಳಗೆ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಗಳು, ಅಂದರೆ ರೀಡ್‌ಗಳು ಚೆನ್ನಾಗಿದ್ದರೆ ಸುಮ್ನೆ ಕೊಟ್ಟುಬಿಡಬೇಡಿ, ಕಾಸರಗೋಡಲ್ಲೋ ಮಂಗಳೂರಲ್ಲೋ ಬೇರೆ ಮಂಡಳಿಗೆ ನೇರವಾಗಿ ಮಾರಲು ನೋಡಿ, ಸಾಮಾನ್ಯವಾಗಿ ಜಾಸ್ತಿ ಸಿಗುತ್ತದೆ. ಕೀಬೋರ್ಡಿನ ಪ್ರತಿ ಕೀಯನ್ನೂ ಮೆಲ್ಲಗೆ, ಜೋರಾಗಿ ಒತ್ತಿ ಕೇಳಿ. ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ ಇರಲೇಬೇಕು, ಹಾಡುವವರ ಶ್ರುತಿ ಬದಲಾದಾಗ ಅದೇ ಆಸರೆ.