ಸ್ಟೀರಿಂಗ್ ಜಾಯಿಂಟಿಗೆ ವೆಲ್ಡ್ ಹೊಡೆಸಬಹುದೇ?

ಪ್ರಶ್ನೆ: ನಮ್ಮ ತಂದೆ 1998ರಲ್ಲಿ ಕೊಂಡ ಮಾರುತಿ 800 ಇನ್ನೂ ಮನೆಯಲ್ಲಿದೆ, ದಿನಾ ಓಡಿಸುತ್ತೇನೆ. ಆರು ತಿಂಗಳಿಂದ ಸ್ಟೀರಿಂಗ್ ಮೇಲೆ ಕೆಳಗೆ ಆಡುತ್ತದೆ. ಹಳ್ಳಕ್ಕೆ ಬಿದ್ದರೆ ಟಕ್ ಟಕ್ ಸದ್ದು. ಒಂದು ಗ್ಯಾರೇಜಿನವರು ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು, ಅಂದರೆ ಇಡೀ ರ್‍ಯಾಕ್ ಬದಲಿಸಬೇಕು ಎಂದರು, ಇನ್ನೊಬ್ಬರು ಸ್ಟೀರಿಂಗ್ ಸರಳನ್ನು ಅದಕ್ಕೆ ಸೇರಿಸುವ ಜಾಯಿಂಟಿಗೆ ವೆಲ್ಡ್ ಹೊಡೆದರೆ ಸಾಕು ಎಂದರು. ಯಾರ ಮಾತು ಕೇಳಲಿ?
- ಓದುಗರು, ತಿಪಟೂರು

ಉತ್ತರ: ವೆಲ್ಡ್ ಮಾತ್ರ ಬೇಡವೇ ಬೇಡ. ಆ ಜಾಯಿಂಟ್ ಬಾಗುತ್ತಾ ತಿರುಗಬೇಕು, ಅದಕ್ಕೇ ಅದನ್ನು ಅಲ್ಲಿ ಇಟ್ಟಿರುವುದು. ವೆಲ್ಡ್ ಬಿಸಿಗೆ ಒಳಗಿನ ಸಣ್ಣ ಬೇರಿಂಗ್ ಸುಟ್ಟುಹೋಗುತ್ತದೆ, ಪಕ್ಕದ ಉಕ್ಕಿನ ಗಟ್ಟಿತನವೂ ಹೋಗುತ್ತದೆ. ಆಮೇಲೆ ಒಂದು ದಿನ ಅದು ಬಿರುಕು ಬಿಟ್ಟರೆ ಚಕ್ರ ನಿಮ್ಮ ಮಾತು ಕೇಳುವುದಿಲ್ಲ.

ರ್‍ಯಾಕ್ ಬದಲಿಸಲೂ ಈಗಲೇ ಹೊರಡಬೇಡಿ. ಮೇಲೆ ಕೆಳಗೆ ಆಡುವುದು ಬೇರೆ, ಎಡಕ್ಕೆ ಬಲಕ್ಕೆ ಸುಮ್ನೆ ತಿರುಗುವುದು ಬೇರೆ. ಎಂಜಿನ್ ಆಫ್ ಮಾಡಿ, ಚಕ್ರ ನೇರ ಇಟ್ಟು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ, ಕೆಳಗೆ ಒತ್ತಿ ನೋಡಿ. ಆಟ ಸಿಕ್ಕರೆ ಮೊದಲು ಡ್ಯಾಶ್‌ಬೋರ್ಡ್ ಕೆಳಗೆ ಕಾಲಮ್ (ಸ್ಟೀರಿಂಗಿನಿಂದ ಕೆಳಗಿಳಿಯುವ ಕೊಳವೆ, ಇದರೊಳಗೆ ತಿರುಗುವ ಸರಳೇ ಶಾಫ್ಟ್) ಹಿಡಿದಿರುವ ಬೋಲ್ಟ್ ಬಿಗಿಯಾಗಿವೆಯೇ ನೋಡಿ. ಅವು ಸರಿಯಿದ್ದರೆ ಕಾಲಮ್ ಒಳಗಿನ ಮೇಲಿನ ಬುಷ್ (ಶಾಫ್ಟ್ ಅಲ್ಲಾಡದಂತೆ ಹಿಡಿಯುವ ಬಳೆ) ಸವೆದಿದೆ ಎಂದೇ ಲೆಕ್ಕ. ಆಮೇಲೆ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಲು ಮನೆಯವರಿಗೆ ಹೇಳಿ, ಕಾಲಮ್ ಇಳಿದು ರ್‍ಯಾಕಿಗೆ ಸೇರುವ ಜಾಯಿಂಟ್ ಮೇಲೆ ನೀವು ಬೆರಳಿಡಿ. ಮೇಲಿನ ಶಾಫ್ಟ್ ತಿರುಗಿ ಕೆಳಗಿನದು ಒಂದು ಕ್ಷಣ ತಡವಾಗಿ ತಿರುಗಿದರೆ ಬೆರಳಿಗೇ ಗೊತ್ತಾಗುತ್ತದೆ. ಜಾಯಿಂಟಿನ ಸಂದಿಯಲ್ಲಿ ಕಂದು ಬಣ್ಣದ ತುಕ್ಕಿನ ಪುಡಿ ಕಂಡರಂತೂ ಅನುಮಾನವೇ ಬೇಡ, ಜಾಯಿಂಟ್ ಸವೆದಿದೆ. ಎರಡೂ ಸರಿಯಿದ್ದು ಆಟ ಇನ್ನೂ ಇದ್ದರೆ ಆಗ ಟೈ ರಾಡ್ ಎಂಡ್ (ಚಕ್ರಕ್ಕೆ ಸೇರುವ ಸರಳಿನ ತುದಿ), ರ್‍ಯಾಕ್ ಕಡೆ ನೋಡಿ.

ಕಾಲಮ್ ಬಿಚ್ಚುವ ಮೊದಲು ಬ್ಯಾಟರಿ ವೈರ್ ತೆಗೆಸಿ. ಚಕ್ರ ನೇರವಿದ್ದಾಗಲೇ ಜಾಯಿಂಟ್ ಮತ್ತು ಶಾಫ್ಟ್ ಎರಡರ ಮೇಲೂ ಸೇರಿದ ಹಾಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಈ ಗೆರೆ ಎಳೆಯದೆ ಬಿಚ್ಚಿದರೆ ಜೋಡಿಸುವಾಗ ಒಂದು ಹಲ್ಲು ಆಚೀಚೆ ಆಗಿ ಕಾರು ನೇರ ಹೋದರೂ ಸ್ಟೀರಿಂಗ್ ಸೊಟ್ಟ ನಿಲ್ಲುತ್ತದೆ, ನನ್ನ ಕಾರಿನಲ್ಲೇ ಹೀಗಾಗಿ ಇಡೀ ಕೆಲಸ ಮತ್ತೆ ಮಾಡಿದ್ದೇನೆ. ಶಾಫ್ಟ್ ಹೊರಗೆ ಬರದಿದ್ದರೆ ಸುತ್ತಿಗೆಯಲ್ಲಿ ಹೊಡೆಯಲು ಬಿಡಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ಗಂಟೆ ಕಾಯಿರಿ.

ಬುಷ್ ಬಿಡಿಯಾಗಿ ಸಿಗದಿದ್ದರೆ ಒಳ್ಳೆ ಲೇತ್ ಕೆಲಸದವರ ಹತ್ತಿರ ಹಳೆಯದರ ಅಳತೆಗೆ ನೈಲಾನ್ ಬುಷ್ ಮಾಡಿಸಬಹುದು. ಎಷ್ಟೋ ಕಡೆ ತಗಡಿನ ತುಂಡು ಸುತ್ತಿ ಬಿಗಿ ಮಾಡಿಕೊಡುತ್ತಾರೆ, ಅದು ಶಾಫ್ಟನ್ನೇ ತಿನ್ನುತ್ತದೆ, ಒಪ್ಪಬೇಡಿ. ಜಾಯಿಂಟ್ ಮಾತ್ರ ಹೊಸದೇ ಬೇಕು, ಗುಜರಿಯದ್ದು ಬೇಡ. ನಿಮ್ಮೂರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ, ಹಳೆಯ ಜಾಯಿಂಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಜೋಡಿಸುವಾಗ ಒಂದನ್ನು ನಿಮ್ಮ ಕಣ್ಣಿಂದಲೇ ನೋಡಿ. ಶಾಫ್ಟಿನ ತುದಿಯಲ್ಲಿ ಒಂದು ತೋಡು (ಗ್ರೂವ್) ಇರುತ್ತದೆ, ಜಾಯಿಂಟಿನ ಬೋಲ್ಟ್ ಆ ತೋಡಿನಲ್ಲೇ ಕೂರಬೇಕು. ಶಾಫ್ಟ್ ಪೂರ್ತಿ ಒಳಗೆ ಹೋಗದಿದ್ದರೂ ಬೋಲ್ಟ್ ಬಿಗಿಯಾದ ಹಾಗೆ ಅನಿಸಬಹುದು, ಆದರೆ ಹಿಡಿತ ಇರುವುದಿಲ್ಲ, ಜಾರಿ ಬರುತ್ತದೆ. ಬೋಲ್ಟ್ ಹೊಸದು ಹಾಕಿಸಿ. ಕೊನೆಗೆ ಮುಂದಿನ ಚಕ್ರ ಎರಡನ್ನೂ ಎತ್ತಿ, ಸ್ಟ್ಯಾಂಡ್ ಕೊಟ್ಟು, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎಲ್ಲೂ ಹಿಡಿಯಬಾರದು. ನೆಲಕ್ಕಿಳಿಸಿದ ಮೇಲೆ ಚಕ್ರ ಕದಲದೆ ಸ್ಟೀರಿಂಗ್ ಅಂಚಿನಲ್ಲಿ ಸಿಗುವ ಆಟ 30 ಮಿ.ಮೀ. ಒಳಗಿರಲಿ. 100 ಕಿಲೋಮೀಟರ್ ಓಡಿಸಿದ ಮೇಲೆ ಆ ಬೋಲ್ಟನ್ನು ಇನ್ನೊಮ್ಮೆ ನೋಡಿಸಿ. ಅಲ್ಲಿಯವರೆಗೆ ಹೈವೇಗೆ ಹೋಗಬೇಡಿ, ರಿಪೇರಿ ಆಗುವ ತನಕ ಮನೆಯವರನ್ನೂ ಅದರಲ್ಲಿ ಕೂರಿಸಬೇಡಿ.