ಸೀಸೆಯ ಮಿತಿ ಬೇರೆ, ಮಗುವಿನ ಮಿತಿ ಬೇರೆ

ಪ್ರಶ್ನೆ: ಮಗನಿಗೆ ಆರು ವರ್ಷ, ತೂಕ 20 ಕೆ.ಜಿ. ಬೇಸಿಗೆಯಲ್ಲಿ ದಿನಾ ಸ್ಕ್ವಾಷ್ ಕೇಳುತ್ತಾನೆ, ದೋಸೆಗೂ ಕೆಚಪ್ ಬೇಕು, ಶಾಲೆಯ ಡಬ್ಬಿಗೆ ಒಣದ್ರಾಕ್ಷಿ ಹಾಕುತ್ತೇನೆ. ಒಂದೊಂದರಲ್ಲೂ ಪ್ರಿಸರ್ವೇಟಿವ್ ಮಿತಿಯೊಳಗೇ ಇದೆ ಎನ್ನುತ್ತಾರೆ. ಎಲ್ಲ ಸೇರಿದರೆ?

ಉತ್ತರ: ಸೇರಿದರೆ ಮಿತಿ ಮೀರಬಹುದು. ಈ ಪ್ರಶ್ನೆ ಬರುತ್ತಲೇ ಇರುತ್ತದೆ. "ಸರ್ಕಾರ ಒಪ್ಪಿದೆ, ಹೆದರಬೇಡಿ" ಎಂದು ಕೆಲವರು, "ಎಲ್ಲವೂ ವಿಷ" ಎಂದು ಕೆಲವರು ಕೈತೊಳೆದುಕೊಳ್ಳುತ್ತಾರೆ. ಕೂತು ಲೆಕ್ಕ ಹಾಕುವವರಿಲ್ಲ.

ಇಲ್ಲಿರುವುದು ಎರಡು ಮಿತಿ. ಒಂದು, ಒಂದು ಕಿಲೋ ತಿನಿಸಿನಲ್ಲಿ ಎಷ್ಟು ಮಿಲಿಗ್ರಾಂ ಇರಬಹುದು ಎಂಬುದು, ಅದು ತಯಾರಕರಿಗೆ. ಇನ್ನೊಂದು, ಜೀವನಪೂರ್ತಿ ದಿನಾ ತಿಂದರೂ ತೊಂದರೆಯಾಗದೆಂದು ಒಂದು ಕಿಲೋ ಮೈತೂಕಕ್ಕೆ ನಿಗದಿಯಾದ ಪ್ರಮಾಣ, ಅದು ತಿನ್ನುವವರಿಗೆ. ತಯಾರಕರು ಮೊದಲನೆಯದನ್ನು ಚಾಚೂತಪ್ಪದೆ ಪಾಲಿಸಿದರೂ ನಿಮ್ಮ ಮಗ ಎರಡನೆಯದನ್ನು ದಾಟಬಹುದು. ಏಕೆಂದರೆ ಅವನು ಎಷ್ಟು ಲೋಟ ಕುಡಿಯುತ್ತಾನೆ, ಎಷ್ಟು ತೂಗುತ್ತಾನೆ ಎಂಬುದು ಲೇಬಲ್ಲಿಗೆ ಗೊತ್ತಿಲ್ಲ.

ಮೊದಲು, ಲೇಬಲ್ಲಿನಲ್ಲಿ ಕಂಡರೆ ಎಲ್ಲರೂ ಹೆದರುವ ಪ್ರಿಸರ್ವೇಟಿವ್ ಸಂಖ್ಯೆ 211, ಅಂದರೆ ಸೋಡಿಯಂ ಬೆಂಜೋಯೇಟ್. ಇದರ ಲೆಕ್ಕವನ್ನು ಬೆಂಜೋಯಿಕ್ ಆಮ್ಲದಲ್ಲಿ ಹಾಕುತ್ತಾರೆ. ದಿನಕ್ಕೆ ಕಿಲೋ ಮೈತೂಕಕ್ಕೆ 5 ಮಿ.ಗ್ರಾಂ ಎಂಬುದು ಹಳೆಯ ಮಿತಿ, ಯುರೋಪಿನಲ್ಲಿ ಈಗಲೂ ಅದೇ. ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 2021ರಲ್ಲಿ ಅದನ್ನು 20ಕ್ಕೆ ಏರಿಸಿತು. ಮಕ್ಕಳ ವಿಷಯದಲ್ಲಿ ನಾನು 5ನ್ನೇ ಹಿಡಿಯುತ್ತೇನೆ. ಆಗ ನಿಮ್ಮ ಮಗನ ಪಾಲು 100 ಮಿ.ಗ್ರಾಂ. ಕೆಚಪ್ ಕಿಲೋಗೆ 750 ಮಿ.ಗ್ರಾಂ ಹೊತ್ತಿದೆ ಎಂದುಕೊಂಡರೂ 15 ಗ್ರಾಂ ಚಮಚದಲ್ಲಿ ಸಿಗುವುದು 11 ಮಿ.ಗ್ರಾಂ. ಎರಡು ಚಮಚ ತಿಂದರೂ ಮಿತಿ ಬಹಳ ದೂರ. ಕೆಚಪ್ ಬಿಡಿಸುವುದಾದರೆ ಅದರ ಸಕ್ಕರೆ ಮತ್ತು ಉಪ್ಪಿಗಾಗಿ ಬಿಡಿಸಿ.

ತೊಂದರೆ ಇರುವುದು 220ರಿಂದ 228ರವರೆಗಿನ ಸಂಖ್ಯೆಯ, ಗಂಧಕದಿಂದ ಬಂದ ಸಲ್ಫೈಟ್‌ಗಳಲ್ಲಿ. ಸ್ಕ್ವಾಷ್ ಮಾಡುವವರು ಕೆಎಂಎಸ್ ಎನ್ನುವ ಪುಡಿ, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, 224. ಇವುಗಳ ಲೆಕ್ಕ ಸಲ್ಫರ್ ಡೈಆಕ್ಸೈಡ್‌ನಲ್ಲಿ, ಅದೇ ಜಂಟಿ ಸಮಿತಿಯ ಮಿತಿ ದಿನಕ್ಕೆ ಕಿಲೋ ಮೈತೂಕಕ್ಕೆ ಬರೀ 0.7 ಮಿ.ಗ್ರಾಂ. 20 ಕಿಲೋ ಮಗುವಿಗೆ ದಿನಕ್ಕೆ 14 ಮಿ.ಗ್ರಾಂ ಅಷ್ಟೇ. ಕಿಲೋಗೆ 350 ಮಿ.ಗ್ರಾಂ ಇರುವ ಸ್ಕ್ವಾಷ್‌ನ 50 ಮಿ.ಲೀ. ತೆಗೆದುಕೊಂಡು ಮೂರು ಪಾಲು ನೀರು ಬೆರೆಸಿದಿರಿ ಎನ್ನಿ. ಸಕ್ಕರೆಯಿಂದ ಮಂದವಾದ ಆ 50 ಮಿ.ಲೀ. ಸುಮಾರು 62 ಗ್ರಾಂ ತೂಗುತ್ತದೆ, ಅದರಲ್ಲಿ 22 ಮಿ.ಗ್ರಾಂ ಇರುತ್ತದೆ. ಒಂದೇ ಲೋಟಕ್ಕೆ ದಿನದ ಮಿತಿ ದಾಟಿತು. ನೀರು ಹೆಚ್ಚು ಬೆರೆಸಿದರೆ ಪ್ರಯೋಜನವಿಲ್ಲ, ಹಾಕಿದ ಸ್ಕ್ವಾಷ್ ಅಷ್ಟೇ ಇರುತ್ತದಲ್ಲ. ಹೊಂಬಣ್ಣ ಬರಲೆಂದು ಗಂಧಕದ ಹೊಗೆ ಕೊಟ್ಟ ಒಣದ್ರಾಕ್ಷಿಯಲ್ಲಿ ಕಿಲೋಗೆ 750 ಮಿ.ಗ್ರಾಂ ಉಳಿದಿದ್ದರೆ 20 ಗ್ರಾಂನಲ್ಲಿ 15 ಮಿ.ಗ್ರಾಂ. ಜೊತೆಗೆ ಬೆಲ್ಲವನ್ನೂ ತಿಂದರೆ, ಅದರ ಮಿತಿ ಕಿಲೋಗೆ 70 ಮಿ.ಗ್ರಾಂ, 30 ಗ್ರಾಂನಲ್ಲಿ ಎರಡು. ಒಟ್ಟು 39. ಮಿತಿಯ ಮೂರು ಪಟ್ಟಿಗೆ ಹತ್ತಿರ ಬಂತು. ಆಲೆಮನೆಯಲ್ಲಿ ಬಣ್ಣಕ್ಕೆಂದು ಕೈಗೆ ಬಂದಷ್ಟು ಹೈಡ್ರೋಸ್ ಎಂಬ ಗಂಧಕದ ಪುಡಿ ಸುರಿದ ಬೆಲ್ಲವಾದರೆ ಈ ಲೆಕ್ಕವೂ ಕೆಟ್ಟಿತು.

ಇದು ಗರಿಷ್ಠದ ಲೆಕ್ಕ. ಸೀಸೆಯಲ್ಲಿಟ್ಟಾಗ, ಕುದಿಸಿದಾಗ ಗಂಧಕದ ಅಂಶ ಒಂದಿಷ್ಟು ಹೋಗುತ್ತದೆ. ಪ್ರಾಣಿಗಳಿಗೆ ತೊಂದರೆ ಕೊಡದ ಪ್ರಮಾಣವನ್ನು ನೂರರಿಂದ ಭಾಗಿಸಿ ಈ ಮಿತಿ ಇಟ್ಟಿರುವುದರಿಂದ ಒಂದು ದಿನ ದಾಟಿದ ಮಾತ್ರಕ್ಕೆ ಮಗು ಆಸ್ಪತ್ರೆ ಸೇರುವುದಿಲ್ಲ. ಆದರೆ ನೀವು ಹೇಳುತ್ತಿರುವುದು ಬೇಸಿಗೆಯಿಡೀ, ದಿನಾ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ, ಆಧಾರ ಸಾಲದೆಂದು ತನ್ನ 0.7ರ ತಾತ್ಕಾಲಿಕ ಮಿತಿಯನ್ನೇ ಹಿಂತೆಗೆದುಕೊಂಡು, ಹೆಚ್ಚು ಸೇವಿಸುವವರ ಬಗ್ಗೆ ಎಚ್ಚರಿಸಿತು. ಮಗುವಿಗೆ ಉಬ್ಬಸವಿದ್ದರಂತೂ ನನ್ನ ಮಾತು ಖಂಡಿತ: ಸಲ್ಫೈಟ್ ಇರುವ ಪಾನೀಯ ಬೇಡವೇ ಬೇಡ. ಕೆಲವು ಉಬ್ಬಸ ರೋಗಿಗಳಿಗೆ ಅದು ಅಲ್ಲೇ ಉಸಿರು ಕಟ್ಟಿಸುತ್ತದೆ.

ಮಾಡಬೇಕಾದ್ದು ಇಷ್ಟು. "ವರ್ಗ 2 ಪ್ರಿಸರ್ವೇಟಿವ್" ಎಂಬ ಸಾಲಿನ ಪಕ್ಕದ ಸಂಖ್ಯೆ ಓದಿ. ಸ್ಕ್ವಾಷ್ ಬೇಕೇ ಬೇಕೆಂದರೆ ಪುಟ್ಟ ಮಗುವಿಗೆ 223, 224ಕ್ಕಿಂತ 211 ಇರುವುದು ವಾಸಿ: ಕಿಲೋಗೆ 600 ಮಿ.ಗ್ರಾಂ ಇದ್ದರೂ ಅದೇ ಲೋಟದಲ್ಲಿ 37 ಮಿ.ಗ್ರಾಂ, ಮಿತಿ 100. ಒಣದ್ರಾಕ್ಷಿ ಗಂಧಕ ಕಾಣದ ಕಪ್ಪು ಬಣ್ಣದ್ದಿರಲಿ. ಹೊಂಬಣ್ಣದ್ದೇ ಇದ್ದರೆ ಬೆಚ್ಚಗಿನ ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ. ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನಿಂಬೆಹಣ್ಣು ಹಿಂಡಿ ಪಾನಕ ಮಾಡಿಕೊಟ್ಟರೆ ಸ್ಕ್ವಾಷ್‌ನ ಲೆಕ್ಕವೇ ಬೇಕಿಲ್ಲ.

ಪ್ರಶ್ನೆ: ಮನೆಯಲ್ಲಿ ಮಾಡಿ ಮಾರುವ ಉಪ್ಪಿನಕಾಯಿಗೆ ಕಿಲೋಗೆ ಒಂದು ಚಮಚ ಬೆಂಜೋಯೇಟ್ ಹಾಕುತ್ತೇನೆ. ಸರಿಯೇ?

ಉತ್ತರ: ಖಂಡಿತ ತಪ್ಪು. ಉಪ್ಪಿನಕಾಯಿಗೆ ಮಿತಿ ಕಿಲೋಗೆ 250 ಮಿ.ಗ್ರಾಂ ಬೆಂಜೋಯಿಕ್ ಆಮ್ಲ, ಅಷ್ಟು ಬರಲು ಬೇಕಾದ ಪುಡಿ 0.3 ಗ್ರಾಂ. ಟೀ ಚಮಚದಲ್ಲಿ 3 ಗ್ರಾಂ ಹಿಡಿಯಿತೆಂದರೆ ಹತ್ತು ಪಟ್ಟಾಯಿತು. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಕೊಳ್ಳಿ, ಪುಡಿಯನ್ನು ಸ್ವಲ್ಪ ಬಿಸಿನೀರಲ್ಲಿ ಕರಗಿಸಿಯೇ ಬೆರೆಸಿ, ಇಲ್ಲದಿದ್ದರೆ ಒಂದೇ ಕಡೆ ಗಂಟುಕಟ್ಟುತ್ತದೆ. ಹುಳಿ ಸಾಲದಿದ್ದರೆ, ಅಂದರೆ ಪಿಎಚ್ 4.5ಕ್ಕಿಂತ ಮೇಲಿದ್ದರೆ, ಬೆಂಜೋಯೇಟ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೂಸು ಬಂತೆಂದು ಇನ್ನಷ್ಟು ಸುರಿಯುವವರು ನಿಂಬೆರಸವನ್ನೋ ವಿನೆಗರನ್ನೋ ಹೆಚ್ಚಿಸಬೇಕಿತ್ತು.

ಪ್ರಶ್ನೆ: ಪ್ರಿಸರ್ವೇಟಿವ್ ಹೊರಹಾಕಲು ಡಿಟಾಕ್ಸ್ ಕಷಾಯ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಅಲ್ಲ, ಬೆಂಜೋಯೇಟನ್ನು ಯಕೃತ್ತು ಹಿಪ್ಯೂರಿಕ್ ಆಮ್ಲ ಮಾಡಿ ಮೂತ್ರದಲ್ಲಿ ತಾನೇ ಕಳಿಸುತ್ತದೆ. ಕಷಾಯ ಮಾರುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಬ್ರೆಡ್ಡಿನಲ್ಲಿರುವ 282 ಕ್ಯಾನ್ಸರ್ ತರುತ್ತದೆ ಎಂದು ವಾಟ್ಸಾಪ್‌ನಲ್ಲಿ ಬಂದಿದೆ.

ಉತ್ತರ: ಸುಳ್ಳು. ಹಂಚಬೇಡಿ.

ಪ್ರಶ್ನೆ: ಮೀನು ಕೆಡದಿರಲು ಹಾಕುವ ಫಾರ್ಮಲಿನ್‌ಗೆ ದಿನದ ಮಿತಿ ಎಷ್ಟು?

ಉತ್ತರ: ಅದನ್ನು ಆಹಾರಕ್ಕೆ ಹಾಕಲು ಅನುಮತಿಯೇ ಇಲ್ಲ. ಹಾಕುವುದು ಅಪರಾಧ, ದೂರು ಕೊಡಿ.